ಬಾಣಸ, ಬೇಟೆ ಮತ್ತು ಹಕ್ಕಿಗಳ ಪಟ್ಟಿ

ಬೆಂಗಳೂರಿನ ಪೂರ್ವಭಾಗದ ಬಾಣಸವಾಡಿಯಿಂದ ಬರುವ ವಿದ್ಯಾರ್ಥಿಯೊಬ್ಬ, ಹಳಗನ್ನಡದ ತರಗತಿಯಲ್ಲಿ ‘ಬಾಣಸಿಗ’ ಎಂಬ ಶಬ್ದ ಬಂದಾಗ, ತನ್ನ ಊರಿಗೂ ಅದಕ್ಕೂ ಸಂಬಂಧವಿದೆಯೇ ಎಂದು ಕೇಳಿದ. ಬಾಣಸವೆಂದರೆ ಅಡುಗೆ, ಅಡುಗೆಮನೆ, ಬಾಣಸಿಗನೆಂದರೆ ಅಡುಗೆಯವನು. ಸಂಸ್ಕೃತದ ‘ಮಹಾನಸ’ದ ತದ್ಭವವಿದು. ಊರಿನ ಹೆಸರಿನ ನಿಷ್ಪತ್ತಿಯನ್ನು ಉಚ್ಚಾರದ ಹೋಲಿಕೆಯೊಂದರಿಂದಲೇ ನಿರ್ಣಯಿಸುವುದು ಸ್ಥಳನಾಮ ಅಧ್ಯಯನದ ಶಿಸ್ತಲ್ಲ. ಅದಕ್ಕೆ ಶಾಸನದ ಆಧಾರ ಬೇಕು. ಹೀಗಾಗಿ ಅವನಿಗೆ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆದರೆ ‘ಮಹಾನಸ’ ಎಂಬ ಶಬ್ದ ನನ್ನನ್ನು ಬೇರೊಂದು ವಿಚಾರಕ್ಕೆ ಒಯ್ದಿತು. ಕೊಲ್ಲಬಹುದಾದ ಹಕ್ಕಿ ಯಾವುದು, ಕೊಲ್ಲಬಾರದ ಹಕ್ಕಿ ಯಾವುದು ಎಂಬ ಪಟ್ಟಿಗಳ ಚರಿತ್ರೆ ನಮ್ಮಲ್ಲಿ ಒಂದು ಮಹಾನಸದಿಂದಲೇ ತೊಡಗುತ್ತದೆ.

ಅಶೋಕನ ಮೊದಲನೆಯ ಬಂಡೆಶಾಸನ ಅರಸನ ಅಡುಗೆಮನೆಯ ಮಾತನ್ನು ಆಡುತ್ತದೆ. ಅಲ್ಲಿ ಬಳಸಿರುವ ಶಬ್ದ ಮಹಾನಸವೇ. ನಮ್ಮ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಈ ಶಾಸನದ ಪ್ರತಿಯಿದೆ. ಹಿಂದೆ ಲಕ್ಷಾಂತರ ಪ್ರಾಣಿಗಳು ಸಾಯುತ್ತಿದ್ದ ಆ ಅಡುಗೆಮನೆಯಲ್ಲಿ ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ. ಮುಂದೆ ಅವೂ ಇಲ್ಲ ಎಂಬುದು ಅದರ ಸಾರ. ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಅವಧ್ಯ ಜೀವಿಗಳ ಪಟ್ಟಿಯೇ ಇದೆ: ಗಿಳಿ, ಸಾರಿಕೆ, ಚಕ್ರವಾಕ, ಹಂಸ, ಪಾರಿವಾಳ ಮೊದಲಾದವು. ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಒಂದು, ಮೊದಲ ಶಾಸನದ ನವಿಲು ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಮೇಲಾಗಿ ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಉಪಯೋಗಕ್ಕೆ ಬಾರದ, ತಿನ್ನಲಾಗದ ಪ್ರಾಣಿಗಳಿಗೇ ಅಭಯ. ಅಂದರೆ ಕರುಣೆಯ ಮೇರೆಯನ್ನು ಅಡುಗೆಮನೆಯೂ ಒಂದಿಷ್ಟು ನಿರ್ಧರಿಸಿದೆ. ಎರಡು, ಪಟ್ಟಿಯಲ್ಲಿರುವ ನಂದೀಮುಖ, ಗೇಲಾಟಗಳು ಯಾವ ಹಕ್ಕಿಗಳೆಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಹೆಸರು ಕಲ್ಲಿನ ಮೇಲೆ ಉಳಿಯಿತು, ಅದನ್ನು ನೋಡಿ ಗುರುತಿಸಬಲ್ಲ ಕಣ್ಣು ಉಳಿಯಲಿಲ್ಲ.

ಕನ್ನಡ ನಾಡಿನ ಅರಸರು ಬೇಟೆಯನ್ನು ಬಿಟ್ಟವರಲ್ಲ. ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನ (ಕ್ರಿ.ಶ. 949–50) ತಕ್ಕೋಲದ ಯುದ್ಧವನ್ನು ಹೇಳುತ್ತಲೇ, ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಮಡಿದ ‘ಕಾಳಿ’ ಎಂಬ ಬೇಟೆನಾಯಿಯನ್ನು ನೆನೆಯುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ವಿನೋದವಿಂಶತಿಯಲ್ಲಿ ಮೃಗಯಾವಿನೋದ, ಡೇಗೆಯಿಂದ ಹಕ್ಕಿ ಹಿಡಿಸುವ ಶ್ಯೇನವಿನೋದ, ಲಾವಕ್ಕಿಗಳ ಕಾಳಗದ ಲಾವಕವಿನೋದಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ಅದೇ ಗ್ರಂಥದಲ್ಲಿ ಅಡುಗೆಯ ವಿಚಾರವೂ ಉಂಟು. ಬೇಟೆಯ ಕಾಡು ಮತ್ತು ಅರಸನ ಬಾಣಸ ಒಂದೇ ಹೊತ್ತಿಗೆಯ ಒಳಗೆ ಬಂದಿವೆ.

ಈ ಲೋಕಕ್ಕೆ ಎದುರಾಗಿ ನಿಂತ ಕೃತಿ ಜನ್ನನ ಯಶೋಧರ ಚರಿತೆ (1209). ಜೀವವಿರುವ ಕೋಳಿಯನ್ನು ಬಲಿ ಕೊಡಲೊಲ್ಲದ ಯಶೋಧರ, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ–ಮಗ ಪ್ರಾಣಿಜನ್ಮಗಳ ಸರಣಿಯಲ್ಲಿ ತೊಳಲುತ್ತಾರೆ. ಕಡೆಗೆ ಅವರು ಕೋಳಿಗಳಾಗಿದ್ದಾಗ, ಸ್ವಂತ ಮಗನಾದ ಯಶೋಮತಿಯೇ ಶಬ್ದವೇಧಿ ವಿದ್ಯೆಯ ಪ್ರದರ್ಶನಕ್ಕಾಗಿ ಬಾಣ ಬಿಟ್ಟು ಕೊಲ್ಲುತ್ತಾನೆ. ಕೂಗು ಕೇಳಿಯೇ ಗುರಿಯಿಡಬಲ್ಲ ಆ ಬೇಟೆಗಾರನಿಗೆ ಹಕ್ಕಿಯ ದನಿ ಗೊತ್ತು, ಅದರ ನೆಲೆ ಗೊತ್ತು. ಅದು ಯಾರೆಂದು ಮಾತ್ರ ಗೊತ್ತಿಲ್ಲ. ಜನ್ನನ ಕಥೆಯ ತೀಕ್ಷ್ಣತೆ ಇರುವುದು ಇಲ್ಲಿಯೇ. ಅಶೋಕನ ಪಟ್ಟಿ ಕೇಳುವ ಪ್ರಶ್ನೆ ‘ಯಾವ ಹಕ್ಕಿ?’ ಎಂಬುದು. ಕಾವ್ಯ ಕೇಳುವ ಪ್ರಶ್ನೆ ‘ಹಕ್ಕಿಯೊಳಗೆ ಯಾರು?’ ಎಂಬುದು. ಎರಡನೆಯ ಪ್ರಶ್ನೆಯನ್ನು ಕೇಳಿದ ಕೂಡಲೇ ಪಟ್ಟಿಗೆ ಅರ್ಥವೇ ಉಳಿಯುವುದಿಲ್ಲ.

ಪಟ್ಟಿ ಮತ್ತೆ ಬಂದದ್ದು ವಸಾಹತುಕಾಲದಲ್ಲಿ, ಅಚ್ಚಿನ ರೂಪದಲ್ಲಿ. 1809ರಲ್ಲಿ ಆರಂಭವಾದ ಬೆಂಗಳೂರಿನ ದಂಡುಪ್ರದೇಶ 1881ರಿಂದ 1947ರವರೆಗೆ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಆಗಿ ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಅದರ ಅಂಚಿನಲ್ಲಿ ಬಾಣಸವಾಡಿಯಂತಹ ಹಳ್ಳಿಗಳು, ಕೆರೆಗಳು, ಕೆರೆಯ ಕೆಳಗಿನ ಗದ್ದೆಗಳು. ಚಳಿಗಾಲದ ಬಾತುಗಳಿಗೂ ಕೆಸರಿನಲ್ಲಿ ನೀಳ ಕೊಕ್ಕು ಊರಿ ಹುಳು ಹುಡುಕುವ ಸ್ನೈಪ್‌ಗಳಿಗೂ ಒಪ್ಪುವ ನೆಲ ಇಂಥದ್ದೇ. 1887ರ ಕಾಡುಹಕ್ಕಿಗಳ ರಕ್ಷಣಾ ಕಾನೂನು ಸಂತಾನಕಾಲದಲ್ಲಿ ಆಗತಾನೆ ಕೊಂದ ಹಕ್ಕಿಗಳ ಮಾರಾಟವನ್ನು ತಡೆಯುವ ನಿಯಮಗಳನ್ನು ಮಾಡುವ ಅಧಿಕಾರವನ್ನು ಬ್ರಿಟಿಷ್ ಇಂಡಿಯಾದ ಪುರಸಭೆಗಳಿಗೂ ದಂಡುಪ್ರದೇಶಗಳಿಗೂ ಕೊಟ್ಟಿತು. ಕಾನೂನಿನ ಮೊದಲ ಕಣ್ಣು ಬಿದ್ದದ್ದು ಕಾಡಿನ ಮೇಲಲ್ಲ, ಪೇಟೆಯ ಮೇಲೆ, ಅಂದರೆ ಮತ್ತೆ ಬಾಣಸದ ಬಾಗಿಲಿನ ಮೇಲೆ.

1912ರ ಕಾನೂನು ಮುಂದಿನ ಹೆಜ್ಜೆ. ಅದರ ಅನುಸೂಚಿಯಲ್ಲಿ ಎರ್ಲಡ್ಡು, ಬಾತು, ಕಾಡುಕೋಳಿ, ಗೌಜಲಹಕ್ಕಿ, ನವಿಲು, ಪಾರಿವಾಳ, ಲಾವಕ್ಕಿ, ಚುಕ್ಕೆಕೋಳಿಗಳ ಜೊತೆಗೆ ಬಕ, ಬೆಳ್ಳಕ್ಕಿ, ನೀಲಕಂಠ, ಮಿಂಚುಳ್ಳಿಗಳೂ ಇದ್ದವು. ಇವುಗಳಿಗೆ ಸರ್ಕಾರ ಬೇಟೆ ನಿಷೇಧದ ಋತುವನ್ನು ಗೊತ್ತುಮಾಡಬಹುದಿತ್ತು. ಪಟ್ಟಿಯಲ್ಲಿ ‘ಪೇಂಟೆಡ್ ಸ್ನೈಪ್’ ಇದೆ, ಬರಿಯ ಸ್ನೈಪ್ ಇಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಸಾಮಾನ್ಯ ಸ್ನೈಪ್ ಉತ್ತರದ ನಾಡುಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬರುವ ಅತಿಥಿ; ಪೇಂಟೆಡ್ ಸ್ನೈಪ್ ಇಲ್ಲಿಯೇ ಮೊಟ್ಟೆಯಿಡುವ ಹಕ್ಕಿ. ಹೀಗಾಗಿ ಕಾನೂನನ್ನು ಪಾಲಿಸಬೇಕಾದ ಬೇಟೆಗಾರ ಗದ್ದೆಯಿಂದ ಹಕ್ಕಿ ಎದ್ದ ಕ್ಷಣದಲ್ಲಿಯೇ ಅದನ್ನು ಗುರುತಿಸಬೇಕಿತ್ತು. ಚಕ್ಕನೆ ಎದ್ದು ಓರೆಕೋರೆಯಾಗಿ ಹಾರುವುದು ಸಾಮಾನ್ಯ ಸ್ನೈಪ್. ಕಾಲು ಜೋಲುಬಿಟ್ಟು ನಿಧಾನವಾಗಿ ಹಾರುವುದು ಪೇಂಟೆಡ್ ಸ್ನೈಪ್. ಈ ಎರಡನೆಯದರಲ್ಲಿ ಬಣ್ಣದ ಬೆಡಗು ಹೆಣ್ಣಿನದು, ಕಾವು ಕೂರುವುದು ಗಂಡು.

ಈ ಅರಿವನ್ನು ಬೇಟೆಗಾರರಿಗೆ ಕೊಟ್ಟ ಗ್ರಂಥಗಳಲ್ಲಿ ಮುಖ್ಯವಾದುದು ಎ. ಓ. ಹ್ಯೂಮ್ ಮತ್ತು ಮಾರ್ಷಲ್ 1879–81ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಭಾರತದ ಬೇಟೆಹಕ್ಕಿಗಳ ಪುಸ್ತಕ. 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದ ಹ್ಯೂಮ್ ಇವರೇ. ಸಾವಿರಾರು ಹಕ್ಕಿಗಳ ಚರ್ಮವನ್ನು ಸಂಗ್ರಹಿಸಿದ ಇವರು ಮುಂದೆ ಸಸ್ಯಾಹಾರಿಯಾದರು, ಹಕ್ಕಿಗಳನ್ನು ಕೊಲ್ಲುವುದನ್ನು ಬಿಟ್ಟರು. ಬೇಟೆಗೆ ಹೋಗಿ, ಸುದತ್ತ ಮುನಿಯ ಎದುರು ಮನಸ್ಸು ತಿರುಗಿದ ಯಶೋಮತಿ ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ.

ಇನ್ನು ಬೇಟೆಯ ನೆಲದ ಮಾತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ರೆಗ್ಯುಲೇಷನ್ ಮಾಡಿತ್ತು. ದೇಶದ ಅನೇಕ ಮೀಸಲು ಅರಣ್ಯಗಳನ್ನು ‘ಶೂಟಿಂಗ್ ಬ್ಲಾಕ್’ಗಳಾಗಿ ವಿಂಗಡಿಸಿ, ಶುಲ್ಕ ಕಟ್ಟಿದವರಿಗೆ ಇಂತಿಷ್ಟು ದಿನ, ಇಂತಿಷ್ಟು ಪ್ರಾಣಿ ಎಂದು ಗೊತ್ತುಮಾಡಿ ಬಿಟ್ಟುಕೊಡುತ್ತಿದ್ದರು. ಅಮೆರಿಕದ ಜಮೀನುದಾರರು ಇಂದಿಗೂ ಕೊಡುವ ಬೇಟೆಗುತ್ತಿಗೆಯ ಸರ್ಕಾರಿ ರೂಪವಿದು ಎನ್ನಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಆರಂಭದಲ್ಲಿ ಬೇಟೆಯನ್ನು ಪೂರ್ತಿ ನಿಲ್ಲಿಸಲಿಲ್ಲ. ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆಗಳಿಗೆ ಬೇರೆಬೇರೆ ಪರವಾನಗಿಗಳಿದ್ದವು. ಕೊಂದದ್ದರ ಲೆಕ್ಕವನ್ನು ಬರೆದಿಟ್ಟು ಒಪ್ಪಿಸಬೇಕಿತ್ತು. 1991ರ ತಿದ್ದುಪಡಿ ಈ ಪರವಾನಗಿಗಳನ್ನು ರದ್ದುಮಾಡಿತು. ಆ ಬಳಿಕ ಹಕ್ಕಿಗಳಲ್ಲಿ ಕೊಲ್ಲಲು ಅಡ್ಡಿಯಿಲ್ಲದ ಪಟ್ಟಿಯಲ್ಲಿ ಉಳಿದದ್ದು ಊರಕಾಗೆಯೊಂದೇ. 2022ರ ತಿದ್ದುಪಡಿ ಆ ಅನುಸೂಚಿಯನ್ನೂ ತೆಗೆದುಹಾಕಿತು. ಇಂದು ಬಾಣಸವಾಡಿಯ ಖಾನಾವಳಿಯಲ್ಲಿ ಸಿಗಬಹುದಾದ ಲಾವಕ್ಕಿ ಕಾಡಿನದಲ್ಲ, ಸಾಕಣೆಯ ಜಪಾನಿ ಲಾವಕ್ಕಿ.

ಅಹಿಂಸೆಯ ದೃಷ್ಟಿಯಿಂದ ಇದು ದೊಡ್ಡ ಗೆಲುವು; ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಗೆಲುವಿನ ಬೆಲೆಯನ್ನು ತೆತ್ತವರು ಯಾರು? 1972ರ ಕಾಯ್ದೆ ಬಂದೂಕಿನ ಬೇಟೆಗೆ ಪರವಾನಗಿ ಇಟ್ಟಾಗಲೂ ಬಲೆ, ಉರುಲುಗಳನ್ನು ನಿಷೇಧಿತ ವಿಧಾನಗಳಲ್ಲಿ ಸೇರಿಸಿತ್ತು. ಅವುಗಳಿಗೆ ಹಿಡಿಯುವ ಪರವಾನಗಿ ಬೇರೆಯೇ ಬೇಕಿತ್ತು. ಬಂದೂಕಿನವರಿಗೆ ಬೇಟೆ ವಿನೋದ. ಬಲೆಯವರಿಗೆ ಅದು ಅನ್ನ. ವಿನೋದ ನಿಂತಾಗ ಬಂದೂಕು ಗೋಡೆಯನ್ನೇರಿತು. ಅನ್ನ ನಿಂತಾಗ ಹಕ್ಕಿಪಿಕ್ಕಿ ಸಮುದಾಯ ಬೇರೆ ಜೀವನೋಪಾಯವನ್ನು ಹುಡುಕಬೇಕಾಯಿತು. ಹುಣಸೂರು ತಾಲ್ಲೂಕಿನಲ್ಲಿ ಅವರು ನೆಲೆಸಿರುವ ಊರಿನ ಹೆಸರು ಪಕ್ಷಿರಾಜಪುರ. ಅವರು ಇಂದು ಮಾರುವುದು ಗಿಡಮೂಲಿಕೆಯ ಎಣ್ಣೆ, ಔಷಧಿ. 2023ರಲ್ಲಿ ಸುಡಾನಿನ ಅಂತರ್ಯುದ್ಧದಲ್ಲಿ ಸಿಲುಕಿದ ಕನ್ನಡಿಗರಲ್ಲಿ ಹೀಗೆ ವ್ಯಾಪಾರಕ್ಕೆ ಹೋಗಿದ್ದ ಹಕ್ಕಿಪಿಕ್ಕಿಗಳೂ ಇದ್ದರು. ಬೆಂಗಳೂರಿನ ಓದುಗರಿಗೆ ಅದೊಂದು ವಿಚಿತ್ರ ಸುದ್ದಿಯಾಗಿ ಕಂಡಿತು. ಬೇಟೆಯ ಚರಿತ್ರೆಯನ್ನು ಬಲ್ಲವರಿಗೆ ಅದು ವಿಚಿತ್ರವಲ್ಲ.

ಇನ್ನೊಂದು ನಷ್ಟ ಭಾಷೆಯದು. ಗೌಜಲಹಕ್ಕಿಯ ಕೂಗು, ಲಾವಕ್ಕಿ ಅಡಗುವ ಹುಲ್ಲು, ಡೇಗೆ ಎರಗುವ ಬಗೆ ಇವನ್ನೆಲ್ಲ ಕನ್ನಡದಲ್ಲಿ ಹೆಸರಿಟ್ಟು ಬಲ್ಲವರಲ್ಲಿ ಬೇಟೆಗಾರರೂ ಬಲೆಗಾರರೂ ಮುಖ್ಯರು. ನನ್ನ ತರಗತಿಯಲ್ಲಿ ಬೇಟೆಯ ವರ್ಣನೆಯನ್ನು ಪಾಠ ಮಾಡುವಾಗ ವಿದ್ಯಾರ್ಥಿಗಳು ಈ ಹೆಸರುಗಳನ್ನೆಲ್ಲ ‘ಒಂದು ಜಾತಿಯ ಪಕ್ಷಿ’ ಎಂದು ಬರೆದುಕೊಳ್ಳುತ್ತಾರೆ. ನಿಘಂಟೂ ಬಹಳ ಸಲ ಅಷ್ಟನ್ನೇ ಹೇಳುತ್ತದೆ. ನಂದೀಮುಖಕ್ಕೆ ಆದ ಗತಿಯೇ ಇದು. ಕೊಲ್ಲುವುದನ್ನು ಬಿಟ್ಟದ್ದು ಸರಿ. ಗುರುತಿಸುವುದನ್ನೂ ಬಿಟ್ಟರೆ ಕೆರೆಯೊಂದು ಬಡಾವಣೆಯಾದಾಗ ಯಾವ ಹಕ್ಕಿ ಇಲ್ಲವಾಯಿತೆಂದು ಹೇಳುವವರೂ ಇರುವುದಿಲ್ಲ.

ಊರಿನ ಹೆಸರು ಕೇಳಿದ ಆ ವಿದ್ಯಾರ್ಥಿಗೆ ಕೊನೆಗೆ ಒಂದು ಕೆಲಸ ಹೇಳಿದೆ: ಬಾಣಸವಾಡಿಯ ಹಿರಿಯರನ್ನು ಕಂಡು, ಕೆರೆ ಮತ್ತು ಗದ್ದೆಗಳಿದ್ದ ಕಾಲದಲ್ಲಿ ಅವರು ಕಂಡ ಹಕ್ಕಿಗಳ ಹೆಸರುಗಳನ್ನು ಅವರ ಬಾಯಿಮಾತಿನಲ್ಲಿಯೇ ಬರೆದು ತಾ ಎಂದು. ಅದೂ ಒಂದು ಪಟ್ಟಿಯೇ. ಆದರೆ ಅದರಲ್ಲಿ ಕೊಲ್ಲಬಹುದಾದದ್ದು, ಕೊಲ್ಲಬಾರದ್ದು ಎಂಬ ಎರಡು ಅಂಕಣಗಳು ಬೇಕಾಗುವುದಿಲ್ಲ.