ಎರಡು ತಿಂಗಳ ಗಡುವು, ಎಲ್ಗಾನ್ ಬೆಟ್ಟದ ದೂರು

ಮೊಕದ್ದಮೆ ಹೂಡುವುದಕ್ಕೂ ಕಾಲಮಿತಿ ಉಂಟು ಎಂಬುದು ಕೋರ್ಟು ಕಚೇರಿ ಅಲೆದವರಿಗೆಲ್ಲ ಗೊತ್ತು. ದಿನ ಕಳೆದಂತೆ ಸಾಕ್ಷಿಗಳ ನೆನಪು ಮಾಸುತ್ತದೆ, ಕಾಗದಪತ್ರ ಕಳೆದುಹೋಗುತ್ತವೆ. ವ್ಯಾಜ್ಯಕ್ಕೊಂದು ಕೊನೆ ಬೇಕು ಎಂಬುದು ಇದರ ಹಿಂದಿನ ತರ್ಕ. ಆದರೆ ಆ ಮಿತಿಯನ್ನು ಯಾರು, ಯಾವ ಉದ್ದೇಶದಿಂದ ಹಾಕುತ್ತಾರೆ ಎಂಬುದೂ ಮುಖ್ಯ. ಪೂರ್ವ ಆಫ್ರಿಕಾ ನ್ಯಾಯಾಲಯದ ಕಥೆ ಇದಕ್ಕೆ ನಿದರ್ಶನ.

ಕೀನ್ಯಾ, ಉಗಾಂಡ ಮತ್ತು ತಾಂಜಾನಿಯ ದೇಶಗಳು 1999ರ ನವೆಂಬರ್ 30ರಂದು ಒಪ್ಪಂದಕ್ಕೆ ಸಹಿ ಹಾಕಿ, 1977ರಲ್ಲಿ ಮುರಿದುಬಿದ್ದಿದ್ದ ಪೂರ್ವ ಆಫ್ರಿಕಾ ಸಮುದಾಯವನ್ನು ಮತ್ತೆ ಕಟ್ಟಿದವು. ಅದರ ನ್ಯಾಯಾಲಯ 2001ರಲ್ಲಿ ತಾಂಜಾನಿಯದ ಅರುಷಾ ನಗರದಲ್ಲಿ ಆರಂಭವಾಯಿತು. ಸದಸ್ಯ ದೇಶದ ಯಾವ ನಿವಾಸಿಯೂ ಇಲ್ಲಿಗೆ ನೇರವಾಗಿ ದೂರು ತರಬಹುದು. ಮೊದಲು ತನ್ನ ದೇಶದ ಕೋರ್ಟುಗಳ ಮೆಟ್ಟಿಲು ಹತ್ತಿರಬೇಕೆಂಬ ಷರತ್ತಿಲ್ಲ. ಮೂಲ ಒಪ್ಪಂದದಲ್ಲಿ ಇಂಥ ದೂರಿಗೆ ಗಡುವೂ ಇರಲಿಲ್ಲ.

2006ರಲ್ಲಿ ಪರಿಸ್ಥಿತಿ ಬದಲಾಯಿತು. ಪ್ರಾದೇಶಿಕ ಶಾಸನಸಭೆಗೆ ಕೀನ್ಯಾ ತನ್ನ ಒಂಬತ್ತು ಸದಸ್ಯರನ್ನು ಆರಿಸಿದ ರೀತಿ ಸರಿಯಿಲ್ಲವೆಂದು ಅನ್ಯಾಂಗ್ ನ್ಯೊಂಗೊ ಮತ್ತಿತರರು ದೂರಿದರು. ನವೆಂಬರ್ 27ರಂದು ನ್ಯಾಯಾಲಯ ಆ ಸದಸ್ಯರ ಅಧಿಕಾರ ಸ್ವೀಕಾರಕ್ಕೆ ತಡೆ ನೀಡಿತು. ಸರ್ಕಾರಗಳಿಗೆ ಇದು ನುಂಗಲಾರದ ತುತ್ತಾಯಿತು. ಮೂರು ವಾರ ತುಂಬುವುದರೊಳಗೆ, ಡಿಸೆಂಬರ್ 14ರಂದು, ಒಪ್ಪಂದದ ತಿದ್ದುಪಡಿಯೇ ಸಿದ್ಧವಾಯಿತು. ಮೇಲ್ಮನವಿ ಪೀಠವೊಂದನ್ನು ಸೃಷ್ಟಿಸಿದ ಆ ತಿದ್ದುಪಡಿ, ಸರ್ಕಾರದ ಕ್ರಮ ನಡೆದ ಅಥವಾ ತನಗೆ ತಿಳಿದ ದಿನದಿಂದ ಎರಡೇ ತಿಂಗಳೊಳಗೆ ನಿವಾಸಿ ದೂರು ಸಲ್ಲಿಸಬೇಕೆಂದು ವಿಧಿಸಿತು. ಜನರನ್ನು ಕೇಳದೆ ಮಾಡಿದ ಈ ತಿದ್ದುಪಡಿ ಒಪ್ಪಂದದ ಆಶಯಕ್ಕೆ ವಿರುದ್ಧವೆಂದು ನ್ಯಾಯಾಲಯವೇ 2008ರಲ್ಲಿ ಹೇಳಿತಾದರೂ ಅದನ್ನು ರದ್ದು ಮಾಡಲಿಲ್ಲ.

ಗಡುವಿನ ಬಿಸಿ ತಟ್ಟಿದ್ದು ಎಲ್ಗಾನ್ ಬೆಟ್ಟದ ಪ್ರಕರಣದಲ್ಲಿ. 2006ರಿಂದ 2008ರವರೆಗೆ ಕೀನ್ಯಾದ ಈ ಸೀಮೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಚಿತ್ರಹಿಂಸೆ, ಕೊಲೆ ಮುಂತಾದ ದೌರ್ಜನ್ಯಕ್ಕೆ ಗುರಿಯಾದರೆಂದು, ಸರ್ಕಾರ ಅದನ್ನು ತಡೆಯಲಿಲ್ಲ, ತಪ್ಪಿತಸ್ಥರನ್ನು ಶಿಕ್ಷಿಸಲಿಲ್ಲವೆಂದು ವೈದ್ಯರು ಹಾಗೂ ವಕೀಲರ ಸಂಸ್ಥೆಯೊಂದು 2010ರಲ್ಲಿ ದೂರಿತು. ಇಂಥ ಗಂಭೀರ ವಿಷಯಕ್ಕೆ ಗಡುವು ಅಡ್ಡಿಯಾಗದೆಂದು ಕೆಳಪೀಠ 2011ರ ಜೂನ್‌ನಲ್ಲಿ ಹೇಳಿತು. 2012ರ ಮಾರ್ಚ್ 15ರಂದು ಮೇಲ್ಮನವಿ ಪೀಠ ಅದನ್ನು ತಳ್ಳಿಹಾಕಿತು. ಎರಡು ತಿಂಗಳೆಂದರೆ ಎರಡು ತಿಂಗಳು. ಗಡುವು ವಿಸ್ತರಿಸುವ ಅಧಿಕಾರವನ್ನು ಒಪ್ಪಂದ ತನಗೆ ಕೊಟ್ಟಿಲ್ಲ ಎಂಬುದು ಅದರ ನಿಲುವು. ದೌರ್ಜನ್ಯ ನಡೆಯಿತೇ ಇಲ್ಲವೇ ಎಂಬ ವಿಚಾರಣೆಯೇ ಅಲ್ಲಿ ನಡೆಯಲಿಲ್ಲ.

ಭಾರತದಲ್ಲಿ ಮೇಲ್ಮನವಿ ತಡವಾದರೆ 1963ರ ಕಾಲಮಿತಿ ಕಾಯಿದೆಯ 5ನೇ ಕಲಮಿನಂತೆ ಸಕಾರಣ ತೋರಿಸಿ ವಿಳಂಬದ ಮನ್ನಾ ಕೇಳಬಹುದು. ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ 2022ರ ಫೆಬ್ರುವರಿಯಿಂದ ಆರು ತಿಂಗಳ ಗಡುವು ನಾಲ್ಕಕ್ಕೆ ಇಳಿದಿದೆ. ಆದರೆ ಅಲ್ಲಿ ದಿನ ಎಣಿಸುವುದು ಸ್ವದೇಶದ ಅಂತಿಮ ತೀರ್ಪಿನಿಂದ. ಅರುಷಾದಲ್ಲಿ ಎಣಿಕೆ ಘಟನೆಯಿಂದಲೇ ಆರಂಭ. ತನ್ನೂರಿನ ಕೋರ್ಟಿನಲ್ಲಿ ನ್ಯಾಯ ಸಿಕ್ಕೀತೆಂದು ಕಾಯುತ್ತ ಕೂತವನಿಗೆ ಅರುಷಾದ ಬಾಗಿಲು ಅಷ್ಟರಲ್ಲೇ ಮುಚ್ಚಿರುತ್ತದೆ.