ನನಗೇನು ಹುಚ್ಚಾ?

ಬಿಡದೆ ಸುರಿದರೆ ಹುಚ್ಚು ಮಳೆ, ದಡ ಮೀರಿ ಹರಿದರೆ ಹುಚ್ಚು ಹೊಳೆ. ಲೆಕ್ಕವಿಲ್ಲದೆ ದುಡ್ಡು ಸುರಿದರೆ ಹುಚ್ಚಾಪಟ್ಟೆ ಖರ್ಚು. ಮಗಳು ತವರಿಂದ ಹೊರಡುವಾಗ ಸುಮ್ಮಸುಮ್ಮನೆ ಕಣ್ಣೀರಿಟ್ಟರೆ ‘ಅಯ್ಯೋ ಹುಚ್ಚಿ’ ಎನ್ನುತ್ತಾಳೆ ತಾಯಿ. ಆ ದನಿಯಲ್ಲಿ ಮುದ್ದಲ್ಲದೆ ಬೇರೇನೂ ಇರುವುದಿಲ್ಲ. ಹೊಲದಲ್ಲಿ ಹಳದಿ ಹೂ ಬಿಡುವ ಎಣ್ಣೆಕಾಳು ಹುಚ್ಚೆಳ್ಳು. ಉತ್ತರ ಕರ್ನಾಟಕದವರ ಬಾಯಲ್ಲಿ ಅದೇ ಗುರೆಳ್ಳು. ಹಳೇ ಮೈಸೂರಿನ ಕಡೆ ಹುಚ್ಚೇಗೌಡ, ಹುಚ್ಚಯ್ಯ, ಹುಚ್ಚಮ್ಮ ಎಂದು ಹೆಸರಿಟ್ಟುಕೊಂಡು ಗೌರವವಾಗಿ ಬಾಳಿ ಹೋದವರು ಎಷ್ಟೋ ಮಂದಿ. ಶಿಕಾರಿಪುರದ ಆಂಜನೇಯನೇ ಹುಚ್ಚರಾಯಸ್ವಾಮಿ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ ಇವರ ಜೊತೆಗೆ ಸೇರಿಸಿ ಹೇಳುವಾಗ ಅವನು ಭ್ರಾಂತೇಶ. ದೇವರಿಗೂ ಒಪ್ಪುವಷ್ಟು ದೊಡ್ಡ ಮಾತು ಇದು.

ಪಾಲು ಹಾಲಾದಂತೆ, ಪೂ ಹೂವಾದಂತೆ ಇದೂ ಪಕಾರದಿಂದ ಹಕಾರಕ್ಕೆ ಬಂದ ಮಾತು. ತೆಲುಗಿನ ‘ಪಿಚ್ಚಿ’ ಇದರ ಹತ್ತಿರದ ನೆಂಟ.

ಈ ಮಾತಿನ ಬಳಕೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಓದಿನ ಹುಚ್ಚು, ನಾಟಕದ ಹುಚ್ಚು, ಆಟದ ಹುಚ್ಚು ಎನ್ನುವಾಗಿನದು. ಹಗಲೆಲ್ಲ ಗದ್ದೆಯಲ್ಲಿ ದುಡಿದವನು ರಾತ್ರಿ ಯಕ್ಷಗಾನ ನೋಡಲು ಮೂರು ಊರು ದಾಟಿ ನಡೆಯುತ್ತಾನಲ್ಲ, ಆ ಹುಚ್ಚು. ಇಲ್ಲಿ ಮಾತು ಹೊಗಳಿಕೆಗೆ ತೀರ ಹತ್ತಿರ ಬರುತ್ತದೆ. ‘ಅವನಿಗೆ ಯಾವ ಹುಚ್ಚೂ ಇಲ್ಲ’ ಎಂದರೆ ನಮ್ಮಲ್ಲಿ ಅದು ಮೆಚ್ಚುಗೆಯಲ್ಲ, ಮರುಕ.

ಇದೇ ಮಾತನ್ನು ಕಾಯಿಲೆ ಬಿದ್ದವರ ಮೇಲೂ ಹೊರಿಸಿದ್ದೇವೆ. ಮನಸ್ಸಿನ ಕಾಯಿಲೆಗಳು ಹತ್ತಾರು ಬಗೆ. ಜನರ ಬಾಯಲ್ಲಿ ಎಲ್ಲಕ್ಕೂ ಒಂದೇ ಹೆಸರು. ಆ ಹೆಸರಿನ ಜೊತೆಗೆ ಒಂದು ಚಿತ್ರವೂ ಬರುತ್ತದೆ: ಕೆದರಿದ ಕೂದಲು, ಹರಿದ ಬಟ್ಟೆ, ಕಾರಣವಿಲ್ಲದ ನಗು. ಸಿನಿಮಾ, ಧಾರಾವಾಹಿ, ಹಾಸ್ಯ ಕಾರ್ಯಕ್ರಮಗಳು ಅದನ್ನು ಮತ್ತೆ ಮತ್ತೆ ಬರೆದು ಗಟ್ಟಿ ಮಾಡಿವೆ. ಖಿನ್ನತೆಯಿಂದ ನರಳುವವನು ಕನ್ನಡಿಯಲ್ಲಿ ನೋಡಿಕೊಂಡಾಗ ಈ ಚಿತ್ರ ಕಾಣುವುದಿಲ್ಲ. ಸ್ನಾನವಾಗಿದೆ, ಇಸ್ತ್ರಿ ಅಂಗಿ ಇದೆ, ಆಫೀಸಿಗೆ ಹೋಗಿಬರುತ್ತಿದ್ದಾನೆ. ಡಾಕ್ಟರ ಹತ್ತಿರ ಹೋಗೋಣ ಬಾ ಎಂದರೆ ಸಿಡಿದು ಹೇಳುತ್ತಾನೆ: ‘ನನಗೇನು ಹುಚ್ಚಾ?’ ಕಾಯಿಲೆಗೂ ಚಿಕಿತ್ಸೆಗೂ ನಡುವೆ ಕನ್ನಡ ನಾಡಿನಲ್ಲಿ ಅಡ್ಡ ನಿಂತಿರುವುದು, ನಾನು ಕಂಡ ಮಟ್ಟಿಗೆ, ಈ ಎರಡು ಪದಗಳ ಪ್ರಶ್ನೆಯೇ.

ನನಗೆ ಗೊತ್ತಿದ್ದ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಊರೂರಿಗೆ ಹೋಗಿ ‘ಕುರುಕ್ಷೇತ್ರ’ ನಾಟಕ ಕಲಿಸುತ್ತಿದ್ದರು. ಸಾಲು ತಪ್ಪಿದ ದುರ್ಯೋಧನನನ್ನು ಒಂದೇ ಸ್ವರದಲ್ಲಿ ದಾರಿಗೆ ತರುತ್ತಿದ್ದ ಮನುಷ್ಯ. ಒಂದು ವರ್ಷ ಸುಗ್ಗಿ ಕಳೆದು ಎಲ್ಲೆಲ್ಲೂ ನಾಟಕದ ತಯಾರಿ ಶುರುವಾದಾಗ ಮೇಷ್ಟ್ರು ಮನೆಬಿಟ್ಟು ಹೊರಡಲಿಲ್ಲ. ಪೆಟ್ಟಿಗೆಯ ಮೇಲೆ ಹೆಂಡತಿ ಹೊದಿಸಿದ ಟವೆಲ್ ಹಾಗೇ ಇತ್ತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಎದೆಯ ಮೇಲೆ ಭಾರ, ಬಾಯಿಗೆ ರುಚಿಯಿಲ್ಲ. ಅಳುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಕರೆಯಲು ಬಂದ ಹುಡುಗರಿಗೆ ಹೇಳುತ್ತಿದ್ದುದು ಒಂದೇ ಮಾತು: ‘ಯಾಕೋ ಏನೂ ಬ್ಯಾಡ ಅನ್ನಿಸ್ತದೆ ಕಣ್ರಪ್ಪ.’ ಊರಿನವರು ಗಾಳಿ ಸೋಕಿದೆ ಎಂದರು, ಯಾರೋ ಮಾಡಿಸಿದ್ದಾರೆ ಎಂದರು. ಓದಿದವರು ‘ಧೈರ್ಯ ತಂದ್ಕೊಳ್ಳಿ, ನಿಮಗೇನು ಕಮ್ಮಿಯಾಗಿದೆ’ ಎಂದರು. ಎದೆಯ ಫೋಟೋ, ರಕ್ತ, ಮೂತ್ರ ಎಲ್ಲ ಪರೀಕ್ಷೆ ಆಯಿತು. ಮನಸ್ಸಿನ ಡಾಕ್ಟರ ಮಾತೆತ್ತಿದಾಗ ಮಾತ್ರ ಅವರ ದನಿಗೆ ಹಳೆಯ ಬಿರುಸು ಬಂತು: ‘ನನಗೇನು ಹುಚ್ಚಾ?’

ಅವರಿಗೆ ಆಗಿದ್ದೇನೆಂದು ಈಗ ಯೋಚಿಸಿದರೆ, ಮಾತು ತಲೆಕೆಳಗಾಗಿ ಬಿದ್ದಿರುವುದು ಕಾಣುತ್ತದೆ. ಮೇಷ್ಟ್ರಿಗೆ ಹುಚ್ಚು ಹಿಡಿದಿರಲಿಲ್ಲ. ಇದ್ದ ಹುಚ್ಚೆಲ್ಲ ಬಿಟ್ಟುಹೋಗಿತ್ತು. ನಾಟಕದ ಹುಚ್ಚು, ರಾಗದ ಹುಚ್ಚು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸರಿಗಮ ಹೇಳಿಸುವ ಹುಚ್ಚು, ಒಂದೂ ಉಳಿದಿರಲಿಲ್ಲ. ಖಿನ್ನತೆಯನ್ನು ಗುರುತಿಸಲು ವೈದ್ಯರು ನೋಡುವ ಮುಖ್ಯ ಲಕ್ಷಣ ಎರಡು. ಒಂದು, ದಿನದ ಬಹುಪಾಲು ಕವಿದಿರುವ ದುಃಖ. ಇನ್ನೊಂದು, ಹಿಂದೆ ಸಂತೋಷ ಕೊಡುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು. ಇವುಗಳಲ್ಲಿ ಒಂದಾದರೂ ಎರಡು ವಾರಕ್ಕೂ ಮೀರಿ ನಿಂತು, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟರೆ ಅದು ಬೇಸರವಲ್ಲ, ಕಾಯಿಲೆ. ದುಃಖವೇ ಎದ್ದು ಕಾಣದ ಖಿನ್ನತೆಯೂ ಉಂಟು. ಸುಸ್ತು, ತಲೆನೋವು, ಮೈಕೈ ನೋವು ಎಂದು ಆಸ್ಪತ್ರೆ ಸುತ್ತುವವರಲ್ಲಿ ಅದು ಅಡಗಿ ಕೂತಿರುತ್ತದೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 20 ವಯಸ್ಕರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಸಿಕ್ಕಿದವರು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಕ್ಕೇ ಇರಲಿಲ್ಲ.

ಕಲೆಗೂ ಕಾಯಿಲೆಗೂ ಗಂಟು ಹಾಕುವ ಅಭ್ಯಾಸ ಹುಟ್ಟಿದ್ದೂ ಈ ಒಂದು ಮಾತಿನ ಎರಡು ಅರ್ಥ ಬೆರೆತಲ್ಲಿಯೇ. ಹುಚ್ಚಿಲ್ಲದೆ ಕಲೆಯಿಲ್ಲ ಎನ್ನುವುದು ಒಂದು ಅರ್ಥದಲ್ಲಿ ನಿಜ. ಅದನ್ನೇ ಇನ್ನೊಂದು ಅರ್ಥಕ್ಕೆ ಜಾರಿಸಿ, ನೋವು ಇದ್ದಷ್ಟೂ ಕವಿತೆ ದೊಡ್ಡದು, ಗುಣವಾದರೆ ಬರವಣಿಗೆ ಬತ್ತುತ್ತದೆ ಎಂದು ನಂಬಿದ್ದೇವೆ. ವ್ಯಾನ್ ಗೋ ಕಿವಿ ಕತ್ತರಿಸಿಕೊಂಡ ಕಥೆ ಚಿತ್ರ ನೋಡದವರಿಗೂ ಗೊತ್ತು. 1889ರಲ್ಲಿ ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆಗೆ ಅವನು ತಾನಾಗಿ ಸೇರಿದ್ದು, ಕಾಯಿಲೆ ಕೆರಳಿದ ವಾರಗಳಲ್ಲಿ ಕುಂಚ ಹಿಡಿಯಲಾಗದೆ ಒದ್ದಾಡಿದ್ದು, ತಿಳಿಯಾದ ದಿನಗಳಲ್ಲಿ ಮೈಮುರಿದು ಚಿತ್ರ ಬರೆದದ್ದು ಅಷ್ಟಾಗಿ ಯಾರೂ ಹೇಳುವುದಿಲ್ಲ. ಅವನು ಚಿತ್ರ ಬರೆದದ್ದು ಕಾಯಿಲೆಯಿಂದಲ್ಲ, ಕಾಯಿಲೆ ಬಿಟ್ಟುಕೊಟ್ಟ ಹೊತ್ತಿನಲ್ಲಿ.

ನಂಟು ಇಲ್ಲವೇ ಇಲ್ಲ ಎಂದೂ ಹೇಳಲಾಗದು. ಸ್ವೀಡನ್ನಿನಲ್ಲಿ ಸೈಮನ್ ಕ್ಯಾಗ ಮತ್ತು ಸಂಗಡಿಗರು ಸುಮಾರು 12 ಲಕ್ಷ ರೋಗಿಗಳ ದಾಖಲೆ ಹಿಡಿದು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸೃಜನಶೀಲ ವೃತ್ತಿಯವರನ್ನು ಒಟ್ಟಾಗಿ ನೋಡಿದಾಗ, ಬೈಪೋಲಾರ್ ಕಾಯಿಲೆಯೊಂದನ್ನು ಬಿಟ್ಟರೆ, ಅವರಲ್ಲಿ ಮಾನಸಿಕ ಕಾಯಿಲೆ ಉಳಿದವರಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ಬರಹಗಾರರನ್ನಷ್ಟೇ ಬೇರೆ ಮಾಡಿದಾಗ ಖಿನ್ನತೆ, ಆತಂಕ, ಆತ್ಮಹತ್ಯೆಯ ಅಪಾಯ ಹೆಚ್ಚು ಕಂಡಿತು. ಬರೆಯುವವರು ಇದನ್ನು ಕಿರೀಟವೆಂದು ತಲೆಗೇರಿಸಿಕೊಳ್ಳದೆ ಎಚ್ಚರಿಕೆ ಎಂದು ಓದಬೇಕು. ಅಪಾಯ ಹೆಚ್ಚಿರುವ ಕಸುಬಿನವರು ಬೇಗ ಡಾಕ್ಟರನ್ನು ಕಾಣಬೇಕಾದವರು.

ಮೇಷ್ಟ್ರು ಕಡೆಗೂ ತಾಲ್ಲೂಕು ಆಸ್ಪತ್ರೆಗೆ, ಮನೋವೈದ್ಯರು ಬರುವ ದಿನ, ತಮ್ಮನ ಜೊತೆ ಹೋದರು. ಅವರು ಡಾಕ್ಟರಿಗೆ ಹಾಕಿದ ಮೊದಲ ಪ್ರಶ್ನೆ, ‘ಈ ಮಾತ್ರೆ ತಗೊಂಡ್ರೆ ಬೆರಳು ಸ್ವರ ಮರೀತದಾ?’ ಎಂಬುದಂತೆ. ನನ್ನ ಮಟ್ಟಿಗೆ ಅದು ಘನವಾದ ಪ್ರಶ್ನೆ. ಖಿನ್ನತೆಯ ಮಾತ್ರೆ ನಿದ್ದೆಮಾತ್ರೆಯಲ್ಲ, ಅಮಲಿನದೂ ಅಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಮೊದಲು ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಇರಬಹುದು. ಕೈ ಮಂದವಾಯಿತು ಅನ್ನಿಸಿದರೆ ಅದನ್ನು ಹೇಳಿ ಪ್ರಮಾಣ ಇಲ್ಲವೇ ಔಷಧಿ ಬದಲಿಸಿಕೊಳ್ಳಬಹುದು. ಆರಾಮಾಯಿತು ಎಂದು ಫಕ್ಕನೆ ನಿಲ್ಲಿಸಬಾರದು, ಸಾಮಾನ್ಯವಾಗಿ ಇನ್ನೂ ಆರು ತಿಂಗಳಾದರೂ ಮುಂದುವರಿಸಬೇಕು. ಮಾತ್ರೆಯೊಂದೇ ದಾರಿಯಲ್ಲ, ತರಬೇತಾದವರ ಜೊತೆ ಕೂತು ಮಾತಾಡುವ ಚಿಕಿತ್ಸೆಯೂ ಇದೆ. ಮಾರನೆಯ ವರ್ಷ ಮೇಷ್ಟ್ರು ಎರಡು ಊರಿಗೆ ನಾಟಕ ಕಲಿಸಿದರು.

ನಮ್ಮ ಗಾದೆಗಳ ಪೈಕಿ ಒಂದನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ: ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಯಾವುದೋ ಬಿಕ್ಕಟ್ಟನ್ನು ಸೊಗಸಾಗಿ ಹೇಳಲು ಹುಟ್ಟಿದ ಈ ಗಾದೆಯ ಮೊದಲರ್ಧವನ್ನು ಔಷಧಿ ಚೀಟಿಯ ಹಾಗೆ ಪಾಲಿಸಿದ ಮನೆಗಳಿವೆ. ಕಾಯಿಲೆ ಮುಚ್ಚಿಟ್ಟು ಮಗನಿಗೆ ಹೆಣ್ಣು ತರುತ್ತಾರೆ, ಮದುವೆಯ ಗಡಿಬಿಡಿಯಲ್ಲಿ ಅವನ ಮಾತ್ರೆ ತಪ್ಪುತ್ತದೆ, ತಿಂಗಳೊಳಗೆ ಕಾಯಿಲೆ ಮರಳುತ್ತದೆ, ‘ಸೊಸೆ ಕಾಲ್ಗುಣ’ ಎಂಬ ಮಾತೂ ಹುಟ್ಟುತ್ತದೆ. ಕಾಯಿಲೆ ಹೆಣ್ಣಿನದಾದರೆ ಅವಳನ್ನು ತವರಿಗೆ ಬಿಟ್ಟುಬರುತ್ತಾರೆ.

ಇದನ್ನು ತ್ರಿವೇಣಿಯವರಷ್ಟು ಚೆನ್ನಾಗಿ ಕಂಡವರು ಕನ್ನಡದಲ್ಲಿ ಕಡಿಮೆ. ಮನಃಶಾಸ್ತ್ರ ಓದಿದ್ದ ಅವರ ‘ಶರಪಂಜರ’ ಕಾದಂಬರಿಯಲ್ಲಿ ಬಾಣಂತಿತನದಲ್ಲಿ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾದದ್ದನ್ನು ಮನೆಯೂ ನಂಬುವುದಿಲ್ಲ, ನೆರೆಹೊರೆಯೂ ನಂಬುವುದಿಲ್ಲ. ಅವಳ ಸಿಟ್ಟು ಬರೀ ಸಿಟ್ಟಾಗಿ ಉಳಿಯುವುದಿಲ್ಲ, ನಗು ಬರೀ ನಗುವಾಗುವುದಿಲ್ಲ. ಎಲ್ಲವೂ ಮರಳಿ ಬಂದ ಹುಚ್ಚಿನ ಸೂಚನೆ. ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದಾಗ ಕಲ್ಪನಾ ಕಾವೇರಿಯಾದರು, ನಾಡೆಲ್ಲ ಅತ್ತಿತು. ಅತ್ತ ನಾವೇ ಈಗಲೂ ಹೆರಿಗೆಯಾದ ಹೆಣ್ಣು ಮಂಕಾಗಿ ಕೂತರೆ ‘ಕೊಬ್ಬು’ ಎನ್ನುತ್ತೇವೆ. ತ್ರಿವೇಣಿ 1963ರಲ್ಲಿ, 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮನಸ್ಸಿನ ಕಾಯಿಲೆಯ ಬಗ್ಗೆ ಬರೆದವರು ಅವರೊಬ್ಬರೇ ಅಲ್ಲ. ‘ಕೊರವಂಜಿ’ ಪತ್ರಿಕೆಯಲ್ಲಿ ನಾಡನ್ನು ನಗಿಸಿದ ರಾಶಿ, ಅಂದರೆ ವೈದ್ಯ ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಮೇಲೆ ‘ಮನಮಂಥನ’ ಬರೆದರು. 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಕನ್ನಡದಲ್ಲಿ ತಿಳಿವಳಿಕೆಗೆ ಬರವಿರಲಿಲ್ಲ.

ಸರ್ಕಾರದ ಕಾಗದದಲ್ಲೂ ಮಾತು ಬದಲಾಗಿದೆ. 1912ರ ಲೂನಸಿ ಕಾಯ್ದೆ ಹೋಗಿ 1987ರಲ್ಲಿ ಒಂದು, 2017ರಲ್ಲಿ ಇನ್ನೊಂದು ಕಾಯ್ದೆ ಬಂತು. ಬೆಂಗಳೂರಿನಲ್ಲಿ 1847ರಲ್ಲಿ ಲೂನಟಿಕ್ ಅಸೈಲಮ್ ಎಂದು ಶುರುವಾದದ್ದು ಮೆಂಟಲ್ ಹಾಸ್ಪಿಟಲ್ ಆಗಿ, 1974ರಲ್ಲಿ ನಿಮ್ಹಾನ್ಸ್ ಆಯಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಕೊಡಬಹುದೆಂದು 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿದ ಮೇಲೆ, 1996ರಲ್ಲಿ ಅದೇ ಮಾದರಿಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಇಷ್ಟಾದರೂ ಮೂರ್ಛೆರೋಗಕ್ಕೋ ಪಾರ್ಶ್ವವಾಯುವಿಗೋ ನಿಮ್ಹಾನ್ಸಿಗೆ ಹೋಗಿಬಂದವರು ಆ ಚೀಟಿಯನ್ನು ಬೀರುವಿನಲ್ಲಿ ಅಡಗಿಸಿಡುವುದನ್ನು ನೋಡಿದ್ದೇನೆ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ 2015ರಲ್ಲಿ ತನ್ನ ಖಿನ್ನತೆಯ ವಿಷಯ ಹೇಳಿಕೊಂಡಾಗಲೂ ‘ಅವಳಿಗೇನು ಕಮ್ಮಿ’ ಎಂದವರಿದ್ದರು. ಸಕ್ಕರೆ ಕಾಯಿಲೆ ಬಂದವರನ್ನು ಯಾರೂ ಹಾಗೆ ಕೇಳುವುದಿಲ್ಲ.

ಹುಚ್ಚು ಎಂಬ ಮಾತನ್ನು ನಿಘಂಟಿನಿಂದ ತೆಗೆಯಿರಿ ಎಂದು ನಾನು ಹೇಳಲಾರೆ. ಮಳೆಗೆ ಇರಲಿ, ಹೊಳೆಗೆ ಇರಲಿ, ಓದಿಗೆ, ಆಟಕ್ಕೆ ಇರಲಿ. ಕಾಯಿಲೆಯವರ ಹೆಗಲಿಂದ ಮಾತ್ರ ಇಳಿಯಲಿ. ಮನೆಯಲ್ಲಿ ಯಾರಾದರೂ ಮಂಕಾಗಿ ಕೂತರೆ ‘ಧೈರ್ಯ ತಂದ್ಕೋ’ ಎನ್ನುವ ಬದಲು ‘ಎಷ್ಟು ದಿನದಿಂದ ಹೀಗಿದೆ?’ ಎಂದು ಕೇಳಬಹುದು. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದೂ ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುತ್ತದೆ ಎಂಬುದು ಸುಳ್ಳು. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆಸ್ಪತ್ರೆಗೆ ಹೋಗಲು ಇನ್ನೂ ಮನಸ್ಸಾಗದವರಿಗೆ ಟೆಲಿ-ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿ ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆಯ ಹೆಸರು ಗೊತ್ತಿರಬೇಕಿಲ್ಲ. ನಿದ್ದೆ ಬರುತ್ತಿಲ್ಲ, ಏನೂ ಬ್ಯಾಡ ಅನ್ನಿಸ್ತದೆ ಎಂದು ಶುರು ಮಾಡಿದರೆ ಸಾಕು.