ಚುಡಾಯಿಸು: ಸಲುಗೆಯ ಪದ, ಬೀದಿಯ ಅಪರಾಧ

ಕನ್ನಡದ ‘ಚುಡಾಯಿಸು’ ಎಂಬ ಕ್ರಿಯಾಪದ ಬಂಧುಬಳಗದ ನಡುವೆ ಬಳಕೆಯಾಗುವಾಗ ಸಲುಗೆಯ ಮಾತಾಗಿರುತ್ತದೆ. ಮದುವೆಮನೆಯಲ್ಲಿ ನಾದಿನಿಯರು ಹೊಸ ಅತ್ತಿಗೆಯನ್ನು ಚುಡಾಯಿಸುವಾಗ ತಿರುಗಿ ಅಣಕಿಸುವ ಹಕ್ಕು ಅವಳಿಗೂ ಇರುತ್ತದೆ, ಅವಳ ಮುಖ ಸಪ್ಪಗಾದರೆ ಆಟ ಅಲ್ಲಿಗೆ ನಿಲ್ಲುತ್ತದೆ. ಆದರೆ ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬ ಹೆಣ್ಣುಮಗಳ ಬೆನ್ನುಹತ್ತಿ ಅಶ್ಲೀಲವಾಗಿ ಮಾತನಾಡಿದಾಗಲೂ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಅನೇಕ ವೇಳೆ ಬರುವುದು ಇದೇ ಪದ. ಸಲುಗೆಯೇ ಇಲ್ಲದಲ್ಲಿ ಸಲುಗೆಯ ಪದ ಬಳಸಿದಾಗ ಕೃತ್ಯಕ್ಕೆ ತಮಾಷೆಯ ಬಣ್ಣ ಬಂದು, ಅದನ್ನು ಸಹಿಸದವಳೇ ಸಿಡುಕಿನವಳೆನಿಸಿಕೊಳ್ಳುತ್ತಾಳೆ.

ಭಾರತೀಯ ಇಂಗ್ಲಿಷಿನ ‘ಈವ್ ಟೀಸಿಂಗ್’ ಎಂಬ ಪದಪುಂಜದಲ್ಲಿಯೂ ಇದೇ ಮರೆಮಾಚುವಿಕೆ ಇದೆ. ಬೈಬಲ್ಲಿನ ಆದಿಸ್ತ್ರೀಯ ಹೆಸರನ್ನು ಹೊತ್ತ ಅದು ಪ್ರಲೋಭನೆಯ ಹೊಣೆಯನ್ನು ಹೆಣ್ಣಿನ ಕಡೆಗೇ ಸರಿಸುತ್ತದೆ. ತಮಿಳುನಾಡು 1998ರಲ್ಲಿ ಈ ಪದವನ್ನು ಕಾಯ್ದೆಯೊಂದರ ಶೀರ್ಷಿಕೆಯಲ್ಲಿಯೇ ಇಟ್ಟು, ಮುಂದೆ 2002ರ ತಿದ್ದುಪಡಿಯಲ್ಲಿ ಅದನ್ನು ಕೈಬಿಟ್ಟಿತು. ಲಿಂಗಾಧಾರಿತ ಪೂರ್ವಗ್ರಹದ ಭಾಷೆಯನ್ನು ಕುರಿತು ಸುಪ್ರೀಂ ಕೋರ್ಟ್ 2023ರಲ್ಲಿ ಹೊರತಂದ ಕೈಪಿಡಿಯು ಇದರ ಬದಲಿಗೆ ‘ಬೀದಿಯಲ್ಲಿನ ಲೈಂಗಿಕ ಕಿರುಕುಳ’ ಎಂಬರ್ಥದ ಮಾತನ್ನು ಸೂಚಿಸಿತು.

ಕಾನೂನಿನ ಭಾಷೆಯಲ್ಲಿ ನಿರ್ಣಾಯಕ ತಿರುವು ಬಂದದ್ದು ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನಿಂದ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಯತ್ನಿಸಿದ ಕಾರ್ಯಕರ್ತೆ ಭಂವರಿ ದೇವಿಯವರ ಮೇಲೆ 1992ರಲ್ಲಿ ನಡೆದ ಅತ್ಯಾಚಾರದ ಹಿನ್ನೆಲೆಯ ಆ ಮೊಕದ್ದಮೆಯಲ್ಲಿ ನ್ಯಾಯಾಲಯವು ‘ಇಷ್ಟವಿಲ್ಲದ’ ಲೈಂಗಿಕ ವರ್ತನೆಯನ್ನು, ಅಂದರೆ ಎದುರಿನವರು ಬಯಸದ ಸ್ಪರ್ಶ, ಮಾತು, ಸನ್ನೆ, ಬೇಡಿಕೆಗಳನ್ನು ಕಿರುಕುಳವೆಂದು ವ್ಯಾಖ್ಯಾನಿಸಿತು. ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿ ಕೆಲಸದ ಸ್ಥಳದಲ್ಲೂ ಆಂತರಿಕ ದೂರು ಸಮಿತಿ ಇರಬೇಕೆಂದು ವಿಧಿಸಿದ 2013ರ ಕಾಯ್ದೆಯ ತಳಹದಿಯೂ ಇದೇ ವಿಶೇಷಣ. ಮಾಡಿದವನು ‘ತಮಾಷೆಗೆ ಅಂದೆ’ ಎಂದು ಹೇಳಿದ ಮಾತ್ರಕ್ಕೆ ಅದು ತಮಾಷೆಯಾಗದು; ಅನುಭವಿಸಿದವಳಿಗೆ ಅದು ಬೇಕಿತ್ತೇ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

‘ಕಿರುಕುಳ’ದಲ್ಲಿಯೂ ‘ಕಿರು’ ಇದೆಯಲ್ಲ, ಅದು ಅಪರಾಧವನ್ನು ಸಣ್ಣದಾಗಿಸುವುದಿಲ್ಲವೇ ಎಂಬ ಆಕ್ಷೇಪ ಸಹಜವೇ. ಆದರೆ ‘ವರದಕ್ಷಿಣೆ ಕಿರುಕುಳ’ ಎಂಬ ಮಾತು ಸಾವಿನ ಸುದ್ದಿಗಳ ಜೊತೆಜೊತೆಗೇ ಕೇಳಿಬಂದು ಈ ಪದಕ್ಕೆ ಆಗಲೇ ತೂಕ ತಂದಿದೆ. ಪದದ ಭಾರ ಬಳಕೆಯಿಂದ ಬರುತ್ತದೆಯೇ ಹೊರತು ಮೂಲಾರ್ಥವೊಂದರಿಂದಲೇ ಅಲ್ಲ.

ಚುಡಾಯಿಸುವವನಿಗೆ ಜನ ಹಾಕುವ ‘ನಿನಗೆ ಅಕ್ಕತಂಗಿಯರಿಲ್ಲವೇ’ ಎಂಬ ಪ್ರಶ್ನೆಯ ಉದ್ದೇಶ ಒಳ್ಳೆಯದೇ ಆದರೂ, ಹೆಣ್ಣು ಯಾರದೋ ನಂಟಾಗಿದ್ದರೆ ಮಾತ್ರ ಮರ್ಯಾದೆಗೆ ಅರ್ಹಳೆಂಬ ಎಣಿಕೆ ಅದರಲ್ಲಿಯೂ ಉಳಿದಿದೆ. ‘ಚುಡಾಯಿಸು’ ಎಂಬ ಪದವು ಇಲ್ಲದ ಸಲುಗೆಯನ್ನು ಊಹಿಸಿಕೊಂಡರೆ, ಈ ಪ್ರಶ್ನೆ ಇಲ್ಲದ ನಂಟನ್ನು ಊಹಿಸಿಕೊಳ್ಳುತ್ತದೆ. ಗೌರವವೆಂದರೆ ಅಪರಿಚಿತಳನ್ನು ತಂಗಿಯೆಂದು ಭಾವಿಸುವುದಲ್ಲ, ಅಪರಿಚಿತಳಾಗಿಯೇ ಅವಳು ನೆಮ್ಮದಿಯಿಂದ ನಡೆದುಹೋಗಲು ಬಿಡುವುದು.